ಕೆಂಪಿಯ ಕಣ್ಣುಗಳು

ಊದಿನಕಡ್ಡಿಯ ವಾಸನೆಗೆ ಬಿಸಿ ರಬ್ಬರಿನ ವಾಸನೆ ಬೆರೆತರೆ ನನಗೆ ಇಂದಿಗೂ ಎದೆ ಧಸಕ್ಕೆನ್ನುತ್ತದೆ. ಮೊನ್ನೆ ಅಮಾವಾಸ್ಯೆಯ ದಿನ ಕಲಬುರಗಿಯ ನಮ್ಮ ಓಣಿಯಲ್ಲಿ ಆಟೋ ಓಡಿಸುವ ಹುಡುಗನೊಬ್ಬ ತನ್ನ ಗಾಡಿಗೆ ನಿಂಬೆಹಣ್ಣು ಕಟ್ಟಿ, ಕಾಯಿ ಒಡೆದು, ಊದಿನಕಡ್ಡಿ ಬೆಳಗುತ್ತಿದ್ದ. ಆಗಷ್ಟೇ ಸ್ಟೇಷನ್ನಿನಿಂದ ಬಂದ ಗಾಡಿ, ಇಂಜಿನ್ನು ಇನ್ನೂ ಆರಿರಲಿಲ್ಲ. ತರಕಾರಿ ಚೀಲ ಹಿಡಿದು ಹೊರಟಿದ್ದವಳು ಅಲ್ಲೇ ನಿಂತುಬಿಟ್ಟೆ. ಹೊಗೆ ಎತ್ತ ಹೋಗುತ್ತದೆ ಎಂದು ನೋಡುತ್ತಾ ನಿಂತೆ. ಅದು ಎಲ್ಲ ಹೊಗೆಯ ಹಾಗೆ ನೆಟ್ಟಗೆ ಮೇಲಕ್ಕೆ ಹೋಯಿತು. "ಯಾಕ್ರೀ ಆಯಿ, ಏನಾತ್ರಿ?" ಎಂದ ಹುಡುಗ. ಏನಿಲ್ಲಪ್ಪ ಎಂದೆ. ಅರವತ್ತು ದಾಟಿದ ಹೆಂಗಸು ಆಟೋದ ಮುಂದೆ ನಿಂತು ಯಾಕೆ ಕಣ್ಣಲ್ಲಿ ನೀರು ತಂದುಕೊಂಡಳು ಎಂದು ಹೇಳಬೇಕಾದರೆ ಶಹಾಬಾದಿನ ಒಂದು ಮನೆಯನ್ನು ಮತ್ತೆ ಕಟ್ಟಿ ತೋರಿಸಬೇಕಾಗುತ್ತದೆ. ಆ ಮನೆ ಈಗ ಇಲ್ಲ. ನೀವು ಹುಟ್ಟಿ ಬೆಳೆದ ಮನೆಯೂ ಇಲ್ಲದಿರಬಹುದು. ಹಾಗಿದ್ದರೆ ನನ್ನ ಜೊತೆ ಸ್ವಲ್ಪ ಹೊತ್ತು ಕೂತುಕೊಳ್ಳಿ.

ನಮ್ಮ ಮನೆ ಊರಿನ ಕೊನೆಗೆ, ಕಲ್ಲಿನ ಖಣಿಗಳು ಶುರುವಾಗುವ ಕಡೆಗೆ ಇತ್ತು. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಇನ್ನೂ ಬಂದಿರಲಿಲ್ಲ, ಆಗಿನ ಮಾತು. ಮನೆಯೆಂದರೆ ಪೂರಾ ಫರ್ಸಿ ಕಲ್ಲು, ಖಣಿಯಿಂದ ಹಾಳೆ ಹಾಳೆಯಾಗಿ ಎಬ್ಬಿಸುವ ಚಪ್ಪಡಿ. ನೆಲ ಫರ್ಸಿ, ಗೋಡೆ ಫರ್ಸಿ, ಮಾಳಿಗೆಗೆ ಹೊದಿಸಿದ್ದೂ ಫರ್ಸಿ. ಅಂಗಳದ ನೀರಿನ ತೊಟ್ಟಿ ಕೂಡ ನಾಲ್ಕು ಕಡೆ ಫರ್ಸಿ ನಿಲ್ಲಿಸಿ ಸಂದಿಗೆ ಸುಣ್ಣ ತುಂಬಿದ್ದು. ಬೇಸಿಗೆಯ ಮಧ್ಯಾಹ್ನ ಪಡಸಾಲೆಯ ನೆಲಕ್ಕೆ ನೀರು ಚಿಮುಕಿಸಿ ಬೋರಲು ಮಲಗಿ ಕಲ್ಲಿಗೆ ಕಿವಿ ಹಚ್ಚಿದರೆ ಖಣಿಯ ಸುತ್ತಿಗೆಗಳ ಸದ್ದು, ವಾಡಿ ಕಡೆ ಹೊರಟ ಗೂಡ್ಸ್ ರೈಲಿನ ಸದ್ದು, ಎಲ್ಲ ನೆಲದೊಳಗಿಂದಲೇ ಬರುತ್ತಿತ್ತು. ಖಣಿಯಲ್ಲಿ ಮದ್ದಿಟ್ಟು ಸುರಂಗ ಹಾರಿಸಿದರೆ ಅಡುಗೆಮನೆಯ ತಟ್ಟೆಗಳು ತಾವಾಗಿಯೇ ಗಲಗಲ ಎನ್ನುತ್ತಿದ್ದವು. ಆ ಖಣಿಗಳಲ್ಲಿ ಒಂದು ನಮ್ಮ ಮುತ್ಯಾನದು. ನಮ್ಮ ಕಡೆ ಅಜ್ಜನನ್ನು ಕರೆಯುವುದೇ ಮುತ್ಯಾ ಎಂದು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಬೆತ್ತ, ಬಾಯಲ್ಲಿ ಒಂದೋ ವಚನ ಇಲ್ಲವೇ ಬೈಗುಳ. ಅವನ ಹೆಂಡತಿ, ನಮ್ಮ ಆಯಿ, ಖಣಿಯಲ್ಲಿದ್ದ ಗಂಡನನ್ನು ಅಡುಗೆಮನೆಯಿಂದಲೇ ಊಟಕ್ಕೆ ಕೂಗುವಷ್ಟು ಗಟ್ಟಿ ದನಿಯವಳು. ಅಪ್ಪನಿಗೆ ರೈಲ್ವೆ ಕೆಲಸ, ವಾರದಲ್ಲಿ ಹೆಚ್ಚು ದಿನ ವಾಡಿಯಲ್ಲೇ ಇರುತ್ತಿದ್ದ. ಅವ್ವ ಒಲೆಯ ಮುಂದೆ. ಇವರೆಲ್ಲರ ನಡುವೆ ನನ್ನ ಪಾಲಿಗೆ ಮನೆಯೆಂದರೆ ಅಪ್ಪನ ತಮ್ಮ ಈರಣ್ಣ ಕಾಕಾ.

ಕಾಕಾ ಸಿಮೆಂಟ್ ಕಾರ್ಖಾನೆಯಲ್ಲಿ ಯಂತ್ರಗಳ ಫಿಟ್ಟರ್. ಮೂವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ಹೆಣ್ಣಿನವರು ಬಂದರೆ ಅವರ ಎತ್ತಿನ ಗಾಡಿಯ ಅಚ್ಚಿಗೆ ಎಣ್ಣೆ ಇದೆಯೋ ಇಲ್ಲವೋ ಎಂದು ಬಗ್ಗಿ ನೋಡುವ ಜಾತಿ. ನನಗೆ ಅವನು ಕಥೆ ಹೇಳಲಿಲ್ಲ, ಪೆಪ್ಪರಮೆಂಟು ತಂದುಕೊಡಲಿಲ್ಲ. ಗಡಿಯಾರ ಬಿಚ್ಚಿದರೆ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ, ಅಷ್ಟೆ. ಅದಕ್ಕಿಂತ ದೊಡ್ಡ ಪ್ರೀತಿ ನಾನು ಆಮೇಲೆ ಎಲ್ಲೂ ಕಂಡಿಲ್ಲ. ಒಂದು ದಿನ ಸಂಜೆ ಮುಂದು ಓಣಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಹೊರಗೆ ಓಡಿದರೆ ಅಂಗಳದಲ್ಲಿ ಒಂದು ಕೆಂಪು ಕಾರು, ನನ್ನ ಎದೆಯ ಮಟ್ಟಕ್ಕೂ ಬಾರದಷ್ಟು ತಗ್ಗು, ಮೇಲೆ ಛಾವಣಿ ಇಲ್ಲ, ಕೂರಲು ಇಬ್ಬರಿಗೆ ಮಾತ್ರ ಜಾಗ. ಒಳಗೆ ಕಾಕಾ. ಕಾರ್ಖಾನೆಗೆ ಹೊಸ ಯಂತ್ರ ಕೂರಿಸಲು ಬಂದಿದ್ದ ವಿದೇಶಿ ಇಂಜಿನಿಯರ್ ತನ್ನ ದೇಶಕ್ಕೆ ಹೊರಡುವಾಗ ತನ್ನ ಆಟದ ಗಾಡಿಯನ್ನು ಕಾಕಾನ ಕೈಗೆ ಕೊಟ್ಟು ಹೋಗಿದ್ದ. ಮುತ್ಯಾ ಅದರ ಸುತ್ತ ಒಂದು ಸುತ್ತು ಬಂದು, "ಇದರಾಗ ನಿಮ್ಮವ್ವ ಎಲ್ಲಿ ಕುಂದ್ರಬೇಕಲೇ?" ಎಂದ. ಕಾಕಾ ಕೂತಲ್ಲಿಂದಲೇ ಕೈ ಚಾಚಿದ. ಒಳಗೆ ಒಂದು ಗುಂಡಿ ಎಳೆದ. ಕಾರಿನ ನುಣ್ಣನೆಯ ಮೂತಿಯಲ್ಲಿ ಎರಡು ಕಡೆ ರೆಪ್ಪೆ ಎದ್ದ ಹಾಗೆ ತಗಡು ಮೇಲೆದ್ದು, ಅದರೊಳಗಿಂದ ಎರಡು ದೀಪಗಳು ನಮ್ಮನ್ನು ನೋಡಿದವು. ಆಯಿಯ ಕೈಯಲ್ಲಿದ್ದ ಮೊರದ ಜೋಳ ಅಂಗಳದ ತುಂಬ ಚೆಲ್ಲಿತು. ನಾನು ಕಿರುಚಿದೆ. ಮುತ್ಯಾ ಕಿರುಚಲಿಲ್ಲ, ಆದರೆ ಬೆತ್ತ ಬಿಟ್ಟಿದ್ದ. ನಮ್ಮ ಮನೆಯಲ್ಲಿ ಬೆಚ್ಚಿಬೀಳುವ ಕಾಲ ಶುರುವಾದದ್ದು ಅವತ್ತಿನಿಂದ.

ಆಯಿ ಹಸುಗಳಿಗೆ ಇಡುವಂತೆ ಅದಕ್ಕೂ ಹೆಸರಿಟ್ಟಳು, ಕೆಂಪಿ. ಕೆಂಪಿಗೆ ಒಂದು ರೋಗವಿತ್ತು. ಇಂಜಿನ್ನು ನಿಲ್ಲಿಸಿ, ಕಣ್ಣು ಮುಚ್ಚಿಸಿ, ಕಾಕಾ ಒಳಗೆ ಬಂದು ಚಹಾ ಕುಡಿಯುವಷ್ಟರಲ್ಲಿ ಅದು ತನ್ನಷ್ಟಕ್ಕೆ ತಾನೇ ಕಣ್ಣು ತೆರೆಯುತ್ತಿತ್ತು. ಅದೂ ಎರಡನ್ನೂ ಅಲ್ಲ. ಎಡಗಣ್ಣು ಮೊದಲು, ನಿಧಾನಕ್ಕೆ, ಕಿರ್ರೆನ್ನುತ್ತಾ. ಬಲಗಣ್ಣು ಮನಸ್ಸಾದರೆ ಆಮೇಲೆ ಯಾವಾಗಲೋ. ಶಕುನ ಅಪಶಕುನ ಎಲ್ಲ ಸುಳ್ಳು, ಕೊರಳಲ್ಲಿ ಲಿಂಗ ಇದ್ದವನಿಗೆ ಬೆಕ್ಕು ಅಡ್ಡ ಬಂದರೇನು ಎಂದು ಊರಿಗೆಲ್ಲ ಹೇಳುವ ಮುತ್ಯಾ ಒಂದು ಬೆಳಿಗ್ಗೆ ಪೂಜೆ ಮುಗಿಸಿ ಖಣಿಗೆ ಹೊರಟ. ಕಾಕಾ ಆಗಷ್ಟೇ ಒಂದು ಸುತ್ತು ಹೊಡೆದು ಬಂದು ಗಾಡಿ ನಿಲ್ಲಿಸಿದ್ದ. ಮುತ್ಯಾ ಹೊಸಿಲು ದಾಟಿ ಸೂರ್ಯನಿಗೆ ಕೈ ಮುಗಿದು ಕಣ್ಣು ಬಿಟ್ಟರೆ ಎದುರಿಗೆ ಕೆಂಪಿ ಕೂಡ ಒಂದು ಕಣ್ಣು ಬಿಟ್ಟಿತು. ಮುತ್ಯಾ ಕಟ್ಟೆಯ ಮೇಲೆ ಕುಸಿದು ಕುಳಿತ. ಅವತ್ತು ಅವನು ಖಣಿಗೆ ಹೋಗಲಿಲ್ಲ. ಸಂಜೆ ಕಾಕಾನನ್ನು ನಿಲ್ಲಿಸಿ ಹೇಳಿದ: "ಮುಂಜಾನೆದ್ದು ಒಕ್ಕಣ್ಣು ನೋಡಿ ಹೊರಗ ಹೋಗಲಾರೆ ನಾ. ಬನ್ನಿ ಹಬ್ಬದೊಳಗ ಇದು ಕಣ್ಣು ಮುಚ್ಚಿ ಕುಂದ್ರಬೇಕು. ಇಲ್ಲಂದ್ರ ಈ ಅಂಗಳದಾಗ ಇರಂಗಿಲ್ಲ." ಕಾಕಾ ಮೊದಲು ನಕ್ಕು, "ಕುರುಡುಗಣ್ಣಿಗಿಂತ ಮೆಳ್ಳಗಣ್ಣು ಮೇಲಲ್ಲೇನಪ್ಪಾ?" ಎಂದ. ಮುತ್ಯಾ ನಗಲಿಲ್ಲ. ಆಗ ಕಾಕಾನ ಮುಖವೂ ಗಟ್ಟಿಯಾಯಿತು. "ಇದು ಇರಂಗಿಲ್ಲಂದ್ರ ನಾನೂ ಇರಂಗಿಲ್ಲ. ಹೈದರಾಬಾದಿನಾಗ ಕೆಲಸ ಕೊಡ್ತೀನಿ ಅಂತ ಭಾಳ ಮಂದಿ ಕರಿಲಿಕತ್ತಾರ."

ತಂದೆ ಮಗ ಇಬ್ಬರೂ ಒಂದೇ ಕಲ್ಲಿನ ತುಂಡುಗಳು, ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವವರಲ್ಲ. ಆಯಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಾನು ಆ ಸಂಜೆ ಊಟ ಮಾಡಲಿಲ್ಲ. ನನಗೆ ಆಗ ಒಂಬತ್ತೋ ಹತ್ತೋ ವಯಸ್ಸು. ನನ್ನ ತಲೆಯಲ್ಲಿ ಲೆಕ್ಕ ಬಹಳ ಸರಳವಾಗಿ ಕೂತುಬಿಟ್ಟಿತು: ಕೆಂಪಿಯ ಕಣ್ಣು ಮುಚ್ಚಿದ್ದರೆ ಕಾಕಾ ಇರುತ್ತಾನೆ, ತೆರೆದರೆ ಹೋಗುತ್ತಾನೆ. ಬೆಳಿಗ್ಗೆ ಎದ್ದು ಮುಖಕ್ಕೆ ನೀರು ಹಾಕಿಕೊಳ್ಳುವ ಮೊದಲು ಅಂಗಳಕ್ಕೆ ಓಡಿ ಕೆಂಪಿಯ ಮುಖ ನೋಡುವುದು ನನಗೆ ರೂಢಿಯಾಯಿತು. ದಿನಾಲೂ ಅದು ಎರಡೂ ಕಣ್ಣು ಬಿಟ್ಟುಕೊಂಡು ನನ್ನನ್ನೇ ದಿಟ್ಟಿಸುತ್ತಿತ್ತು.

ಕಾಕಾನಿಗೆ ಒಂದಿಷ್ಟು ಗೊತ್ತಿತ್ತು. ಕಣ್ಣು ಏಳುವುದು ಸ್ಪ್ರಿಂಗಿನಿಂದ, ಮುಚ್ಚುವುದು ಇಂಜಿನ್ನಿನ ಬಲದಿಂದ, ಆ ಬಲ ರಬ್ಬರಿನ ಕೊಳವೆಗಳಲ್ಲಿ ಬಂದು ಮೂತಿಯ ಕೆಳಗಿನ ಒಂದು ಟಾಕಿಯಲ್ಲಿ, ಮುಚ್ಚಿದ ತಗಡಿನ ಡಬ್ಬಿಯಲ್ಲಿ, ಕೂಡಿರುತ್ತದೆ, ಎಲ್ಲೋ ಸೋರುತ್ತಿದೆ. ಎಲ್ಲಿ ಎಂಬುದೇ ಪ್ರಶ್ನೆ. ಸೋರುವುದನ್ನು ಹುಡುಕಲು ನಮ್ಮ ಮನೆಯಲ್ಲಿ ತಲೆತಲಾಂತರದ ಒಂದು ಪದ್ಧತಿ ಇತ್ತು. ಫರ್ಸಿ ತೊಟ್ಟಿ ಸೋರಿದರೆ ಸಂದಿಗಳಿಗೆಲ್ಲ ಒಣ ಬೂದಿ ಬಳಿದು ಕಾಯುವುದು, ಎಲ್ಲಿ ಬೂದಿ ಹಸಿಯಾಗಿ ಕಪ್ಪಾಯಿತೋ ಅಲ್ಲಿ ಸೋರಿಕೆ. ಕಾಕಾ ಕೆಂಪಿಯ ಕೊಳವೆಗಳಿಗೆಲ್ಲ ಹಾಗೆಯೇ ಬೂದಿ ಬಳಿದ. ಏನೂ ಕಾಣಲಿಲ್ಲ. ಆಮೇಲೆ ಸೈಕಲ್ ಪಂಪಿನಿಂದ ಗಾಳಿ ಊದಿ ಸಾಬೂನಿನ ನೀರು ಹಚ್ಚಿ ಗುಳ್ಳೆ ಬರುತ್ತದೇನೋ ನೋಡಿದ. ಗುಳ್ಳೆ ನೋಡುವಷ್ಟರಲ್ಲೇ ಊದಿದ ರಭಸಕ್ಕೆ ಎರಡೂ ಕಣ್ಣು ಠಪ್ಪೆಂದು ಎದ್ದು, ಬಗ್ಗಿ ನೋಡುತ್ತಿದ್ದ ಅವನ ಗದ್ದಕ್ಕೆ ಬಡಿದು ರಕ್ತ ಬಂತು. ಕಲ್ಲಿನ ಊರಿನಲ್ಲಿ ನೀರು ಹಿಡಿದಿಟ್ಟು ಬಾಳಿದ ಮಂದಿ ನಾವು. ಒಳಗಿರುವುದು ಹೊರಗೆ ಬರುತ್ತದೆ ಎಂಬುದೊಂದೇ ನಮಗೆ ಗೊತ್ತಿದ್ದ ಸೋರಿಕೆ. ಹೊರಗಿನದು ಒಳಗೆ ಹೋಗುವುದೂ ಒಂದು ಸೋರಿಕೆ ಎಂದು ಮನೆಯಲ್ಲಿ ಯಾರಿಗೂ, ಯಂತ್ರಗಳ ನಡುವೆಯೇ ದಿನ ಕಳೆಯುವ ಕಾಕಾನಿಗೂ, ಹೊಳೆಯಲಿಲ್ಲ. ಕಾಕಾ ಗದ್ದಕ್ಕೆ ಅರಿಸಿನ ಒತ್ತಿಕೊಂಡು ಕಟ್ಟೆಯ ಮೇಲೆ ಕೂತ. ಅವನ ಕಬ್ಬಿಣದ ಟ್ರಂಕು ಅಟ್ಟದಿಂದ ಕೆಳಗಿಳಿದದ್ದನ್ನು ನಾನು ನೋಡಿದೆ.

ದಸರೆಯ ಮುಂಚಿನ ಅಮಾವಾಸ್ಯೆ ಬಂತು. ಅಮಾವಾಸ್ಯೆಗೆ ನಮ್ಮಲ್ಲಿ ಎತ್ತಿನ ಚಕ್ಕಡಿ, ಖಣಿಯ ಹಾರೆ ಸುತ್ತಿಗೆ, ಕಾಕಾನ ಸೈಕಲ್ಲು ಎಲ್ಲಕ್ಕೂ ಪೂಜೆ. ಮುತ್ಯಾನಿಗೂ ಕಾಕಾನಿಗೂ ಮಾತು ನಿಂತಿತ್ತು, ಆದರೆ ಆಯಿಯ ಪೂಜೆ ನಿಲ್ಲುವುದುಂಟೇ? "ಹೋಗೋದಾದ್ರ ಹೋಗ್ಲಿ, ಇರೋತನಕ ಮನಿ ಮಗಳೇ" ಎಂದು ಕೆಂಪಿಗೂ ವಿಭೂತಿ ಹಚ್ಚಿ, ಸೇವಂತಿಗೆ ಹಾರ ಹಾಕಿ, ಕಾಯಿ ಒಡೆದಳು. ಕಾಕಾ ಆಗತಾನೇ ಕಾರ್ಖಾನೆಯಿಂದ ಬಂದು ಇಂಜಿನ್ನು ನಿಲ್ಲಿಸಿದ್ದ, ಗಾಡಿಯಿಂದ ಬಿಸಿ ರಬ್ಬರಿನ ವಾಸನೆ ಬರುತ್ತಿತ್ತು. ಆಯಿ ಊದಿನಕಡ್ಡಿಯ ಕಟ್ಟು ಹಚ್ಚಿ ಮೂತಿಯ ಮುಂದೆ ಬಗ್ಗಿ ಬೆಳಗಿದಳು. ಹೊಗೆ ಮೇಲೆ ಹೋಗಲಿಲ್ಲ. ದಾರದಂತೆ ಸಣ್ಣಗಾಗಿ, ಅಡ್ಡಕ್ಕೆ ಬಾಗಿ, ಕೆಂಪಿಯ ಎಡಗಣ್ಣಿನ ಕೆಳಗಿನ ಸಂದಿಯೊಳಗೆ ಸರ್ರನೆ ಹೋಯಿತು. ಆಯಿ ಕಡ್ಡಿ ಬಲಕ್ಕೆ ಹಿಡಿದಳು. ಹೊಗೆ ಮತ್ತೆ ಎಡಕ್ಕೆ ತಿರುಗಿ ಒಳಗೆ ಹೋಯಿತು. ಆಯಿ ತಟ್ಟೆ ಬಿಟ್ಟು ಚೀರಿದ್ದು ಖಣಿಯವರೆಗೂ ಕೇಳಿಸಿರಬೇಕು. "ಉಸರ ತೊಗೊಳ್ಳಾಕತ್ತದ! ಈರಣ್ಣಾ, ಗಾಡಿ ಉಸರ ತೊಗೊಳ್ಳಾಕತ್ತದೋ!" ಅವ್ವ ಒಲೆ ಬಿಟ್ಟು ಬಂದಳು. ಮುತ್ಯಾ ಬೆತ್ತ ಹಿಡಿದು ಬಂದ. ನಾನು ಕಂಬ ತಬ್ಬಿಕೊಂಡಿದ್ದೆ. ಕಾಕಾ ಮಾತ್ರ ನಿಂತಲ್ಲೇ ನಿಂತು ಆ ಹೊಗೆಯನ್ನು ನೋಡಿದ. ಆಮೇಲೆ ಅಂಗಳದಲ್ಲಿ ಕುಣಿದ. ಮೂವತ್ತು ದಾಟಿದ ಗಂಡಸು, ಗದ್ದಕ್ಕೆ ಅರಿಸಿನ, ತಾಯಿಯ ಎರಡೂ ಕೈ ಹಿಡಿದು ಗಿರಗಿರ ತಿರುಗಿಸಿಬಿಟ್ಟ. "ಊದಂಗಿಲ್ಲಬೇ ಇದು, ಎಳೀತದ! ಇದರ ಹೊಟ್ಟ್ಯಾಗ ಏನೂ ಇಲ್ಲ. ಏನೂ ಇಲ್ಲದ್ದೇ ಇದರ ತಾಕತ್ತು!"

ಮುಂದಿನ ದಿನಗಳಲ್ಲಿ ನಮ್ಮ ಅಂಗಳ ಗುಡಿಯ ಹಾಗೆ ಘಮಘಮಿಸಿತು. ಕಾಕಾ ಇಂಜಿನ್ನು ಚಾಲೂ ಮಾಡಿ ನಿಲ್ಲಿಸುವುದು, ಪೆಟ್ರೋಲು ಬರುವ ಜಾಗದಿಂದ ದೂರದಲ್ಲಿ, ಮೂತಿಯ ಕೆಳಗೆ ಮಾತ್ರ, ಊದಿನಕಡ್ಡಿ ಹಿಡಿದು ಗೇಣುಗೇಣಾಗಿ ಸರಿಸುವುದು; ಹೊಗೆ ಬಾಗಿದಲ್ಲಿ ಸುಣ್ಣದ ಗುರುತು. ಚಳಿ ದೇಶದಲ್ಲಿ ಹುಟ್ಟಿದ ರಬ್ಬರು ನಮ್ಮ ಬಿಸಿಲಿಗೆ ಎಲ್ಲೆಲ್ಲೋ ಸೀಳಿತ್ತು. ಮೊದಲು ದವಾಖಾನೆಯ ಮೆತ್ತನೆಯ ಕೊಳವೆ ಹಾಕಿದ, ಇಂಜಿನ್ನು ಎಳೆದ ಕೂಡಲೇ ಅದು ಚಪ್ಪಟೆಯಾಗಿ ಅಂಟಿಕೊಂಡಿತು. ಕೊನೆಗೆ ವಾಡಿ ಸ್ಟೇಷನ್ನಿನ ಹತ್ತಿರದ ವೆಲ್ಡಿಂಗ್ ಅಂಗಡಿಯಿಂದ ದಪ್ಪ ಗೋಡೆಯ ಗ್ಯಾಸ್ ಪೈಪು ತಂದ. ಒಂದೊಂದು ತುಂಡು ಹಾಕಿದಾಗಲೂ ಅದನ್ನು ಪರೀಕ್ಷೆ ಮಾಡುವ ಕೆಲಸ ನನ್ನದಾಯಿತು, ಯಾಕೆಂದರೆ ಮೂತಿಯ ಕೆಳಗೆ ಅಂಗಾತ ಸರಿದು ಹೋಗಬಲ್ಲವಳು ನಾನೊಬ್ಬಳೇ. ಎಡಗಣ್ಣಿನ ಕೊಳವೆಯಲ್ಲಿ ಕೈಯಿಂದಲೇ ಬಿಚ್ಚಬಹುದಾದ ಒಂದು ಕೀಲು ಇಟ್ಟಿದ್ದ. ಅದನ್ನು ಬಿಚ್ಚಿಸಿ, ಕೊಳವೆಯ ತುದಿ ನನ್ನ ಬಾಯಿಗೆ ಕೊಟ್ಟು ಹೇಳುತ್ತಿದ್ದ: "ಊದಬ್ಯಾಡ ಗಂಗೂ, ಎಳಿ. ಎಳದು ನಾಲಗಿ ಹಚ್ಚಿ ಹಿಡಿ. ಮೂಗಿಲೆ ಉಸರ ತೊಗೊ, ಮತ್ತ ಎಳಿ." ನಾನು ಎಳೆಯುತ್ತಿದ್ದೆ. ಬಾಯಿಯ ತುಂಬ ರಬ್ಬರಿನ ಕಹಿ, ಸುಣ್ಣದ ಒಗರು. ಕೆನ್ನೆ ಒಳಕ್ಕೆ ಹೋಗಿ ಹಲ್ಲಿಗೆ ಅಂಟುತ್ತಿತ್ತು. ತಲೆಯ ಮೇಲೆ ಕಿರ್ರೆಂದು ಸದ್ದಾಗಿ ಅಷ್ಟು ದೊಡ್ಡ ರೆಪ್ಪೆ ನನ್ನ ಬಾಯಿಯ ಬಲಕ್ಕೆ ಕೆಳಗಿಳಿಯುತ್ತಿತ್ತು. ಮೊದಲ ಸಲ ಇಳಿದಾಗ ನಾನೇ ಗಾಬರಿಯಾಗಿ ನಾಲಿಗೆ ಬಿಟ್ಟುಬಿಟ್ಟೆ. ಕಾಕಾ ನಕ್ಕದ್ದು ಇನ್ನೂ ಕಿವಿಯಲ್ಲಿದೆ.

ಬನ್ನಿ ಹಬ್ಬದ ದಿನ ಕೆಂಪಿ ಎರಡೂ ಕಣ್ಣು ಮುಚ್ಚಿ ಸಾಧುವಿನ ಹಾಗೆ ಕೂತಿತ್ತು. ಬೆಳಿಗ್ಗೆ ಮುಚ್ಚಿದ್ದು ಊರೆಲ್ಲ ಬನ್ನಿ ಕೊಟ್ಟು ಮುಗಿಸುವವರೆಗೂ ತೆರೆಯಲಿಲ್ಲ. ಮುತ್ಯಾ ಅದನ್ನು ಓರೆಗಣ್ಣಿನಿಂದ ನೋಡುತ್ತಲೇ ಇದ್ದ, ಎಲ್ಲಿ ಕಣ್ಣು ಹೊಡೆದೀತೋ ಎಂದು. ಸಂಜೆ ಕಾಕಾ ಬನ್ನಿ ಹಿಡಿದು ತಂದೆಯ ಕಾಲಿಗೆ ಬಿದ್ದ. "ಬನ್ನಿ ತೊಗೊಂಡು ಬಂಗಾರದ್ಹಂಗ ಇರೋಣಪ್ಪಾ" ಎಂದ. ಮುತ್ಯಾ ಎಲೆ ತೆಗೆದುಕೊಂಡ, ತಲೆ ಸವರಿದ. ಆಮೇಲೆ ಯಾರೂ ನೋಡುತ್ತಿಲ್ಲ ಎಂದುಕೊಂಡು ಒಂದು ಎಲೆಯನ್ನು ಕೆಂಪಿಯ ಮೂತಿಯ ಮೇಲೂ ಇಟ್ಟ, ಕೈ ತಾಗದ ಹಾಗೆ. ಅದು ಮನೆಗೆ ಬಂದ ದಿನದಿಂದ ಹಿಡಿದಿದ್ದ, ಗಾಡಿಯನ್ನು ಮುಟ್ಟುವುದಿಲ್ಲ ಎಂಬ ಹಟ ಮಾತ್ರ ಬಿಡಲಿಲ್ಲ. ಟ್ರಂಕು ಅಟ್ಟಕ್ಕೆ ಮರಳಿತು. ಆ ಚಳಿಗಾಲ ಕಾಕಾ ನನ್ನನ್ನು ಕೂರಿಸಿಕೊಂಡು ಚಿತ್ತಾಪುರದ ದಾರಿಯಲ್ಲಿ, ಕಾಗಿಣಾ ಹೊಳೆಯ ದಂಡೆಯವರೆಗೆ, ತೊಗರಿ ಹೊಲಗಳ ನಡುವೆ ಹೋಗುತ್ತಿದ್ದ. ಹೊತ್ತು ಮುಳುಗುವಾಗ ಗುಂಡಿ ಎಳೆಯುವ ಕೆಲಸ ನನಗೆ ಕೊಡುತ್ತಿದ್ದ. ಕಣ್ಣು ತೆರೆದ ಕೂಡಲೇ ದಾರಿಯ ಎಮ್ಮೆಗಳು, ಎಮ್ಮೆ ಹಿಂದಿನ ಮನುಷ್ಯರು, ಎಲ್ಲ ಒಂದೇ ನಮೂನೆ ಬಾಯಿ ತೆರೆದು ನಿಲ್ಲುತ್ತಿದ್ದರು. ಕಾಕಾನ ಕೈಗುಣ ಎಷ್ಟಿತ್ತೆಂದರೆ ಈಗ ಇಂಜಿನ್ನು ನಿಲ್ಲಿಸಿ ದಿನಗಟ್ಟಲೆ ಬಿಟ್ಟರೂ ಕೆಂಪಿಯ ಕಣ್ಣು ಮುಚ್ಚಿಯೇ ಇರುತ್ತಿತ್ತು. ಬೆಳಿಗ್ಗೆ ನಾವಿಬ್ಬರೂ ಅಂಗಳಕ್ಕೆ ಬಂದು ನೋಡುತ್ತಿದ್ದೆವು. "ಇನ್ನಾ ಮಲಗ್ಯಾಳ" ಎನ್ನುತ್ತಿದ್ದ ಕಾಕಾ ಪಿಸುಮಾತಿನಲ್ಲಿ. ಟಾಕಿಯಲ್ಲಿ ನಿನ್ನೆ ಎಳೆದಿಟ್ಟ ಖಾಲಿ ಇನ್ನೂ ಖರ್ಚಾಗಿಲ್ಲ ಎಂದು ಅದರ ಅರ್ಥ.

ಬೇಸಿಗೆ ಬಂತು. ಒಂದು ದಿನ ಕಾಕಾ ಸೇಡಂಗೆ ಹೆಣ್ಣು ನೋಡಲು ಕೆಂಪಿಯಲ್ಲೇ ಹೋದ. ಹಿಂದಿನ ದಿನವೇ ಬಸ್ಸಿನಲ್ಲಿ ಹೋಗಿದ್ದ ಅಪ್ಪ ಮತ್ತು ಅವ್ವ ಅಲ್ಲಿ ಮಾತು ಮುಗಿಸಿಯೇ ಬರುವುದೆಂದು ಉಳಿದರು. ಕಾಕಾ ಒಬ್ಬನೇ ಮಧ್ಯಾಹ್ನಕ್ಕೆ ವಾಪಸು ಬಂದ, ಮುಖ ಬಿಸಿಲಿಗೆ ಕೆಂಪಾಗಿತ್ತು, ಖುಷಿಗೋ ಏನೋ. ಆಯಿ ಹೊಸಿಲಲ್ಲೇ ಹಿಡಿದುಕೊಂಡಳು: "ಹುಡುಗಿ ಏನಂದಳೋ?" ಕಾಕಾ ನಾಚಿಕೊಂಡು ನನ್ನ ಕಡೆ ನೋಡಿದ. "ಇನ್ನೊಮ್ಮಿ ಕಣ್ಣು ತಗದು ಮುಚ್ಚರಿ, ನೋಡ್ತೀನಿ ಅಂದ್ಳು." ಆಯಿ ಸಕ್ಕರೆ ತಂದು ಅವನ ಬಾಯಿಗೆ ಹಾಕಿದಳು. ರೊಟ್ಟಿ, ಪುಂಡಿ ಪಲ್ಯ, ಮಜ್ಜಿಗೆ ಉಂಡು, ಎದೆ ಸ್ವಲ್ಪ ಹಿಡಿದಂಗಾಗ್ಯದ ಎಂದು ಪಡಸಾಲೆಯ ತಣ್ಣನೆಯ ನೆಲಕ್ಕೆ ಅಡ್ಡಾದ. ನಾನೂ ಪಕ್ಕದಲ್ಲಿ ಕಲ್ಲಿಗೆ ಕಿವಿ ಹಚ್ಚಿ ಮಲಗಿದೆ. ಖಣಿಯ ಸುತ್ತಿಗೆ ಕೇಳಿತು, ರೈಲು ಕೇಳಿತು. ಚಹಾದ ಹೊತ್ತಿಗೆ ಆಯಿ ಎಬ್ಬಿಸಲು ಬಂದಳು. ಕಾಕಾ ಏಳಲಿಲ್ಲ.

ಅಷ್ಟೇ. ಇಷ್ಟು ವರ್ಷವಾದರೂ ಆ ಮಧ್ಯಾಹ್ನಕ್ಕೆ ನನ್ನಲ್ಲಿ ಇದಕ್ಕಿಂತ ಹೆಚ್ಚಿನ ಮಾತಿಲ್ಲ. ಪಕ್ಕದಲ್ಲೇ ಮಲಗಿದ್ದೆ, ಕಲ್ಲಿನೊಳಗಿನ ಸದ್ದೆಲ್ಲ ಕೇಳಿಸಿಕೊಂಡೆ, ಅವನ ಎದೆ ನಿಂತದ್ದು ನನಗೆ ಕೇಳಿಸಲಿಲ್ಲ. ಮರುದಿನ ಅವನನ್ನು ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಕೈಯಲ್ಲಿ ಲಿಂಗ ಕೊಟ್ಟು, ಕೂತ ಹಾಗೆಯೇ ಮಣ್ಣಿಗೆ ಇಳಿಸಿದರು. ಆಯಿಯ ಗಟ್ಟಿ ದನಿ ಅವತ್ತೇ ಹೋಯಿತು, ಮತ್ತೆ ಬರಲಿಲ್ಲ. ಮುತ್ಯಾ ಅಳಲಿಲ್ಲ, ವಚನವನ್ನೂ ಹೇಳಲಿಲ್ಲ. ಸೇಡಂನ ಆ ಹುಡುಗಿಯ ಮುಖವನ್ನು ನಾನು ಇಂದಿಗೂ ನೋಡಿಲ್ಲ. ಅಂಗಳದಲ್ಲಿ ಕೆಂಪಿ ಕಾಕಾ ನಿಲ್ಲಿಸಿದ ಜಾಗದಲ್ಲೇ ನಿಂತಿತ್ತು, ಎರಡೂ ಕಣ್ಣು ಮುಚ್ಚಿಕೊಂಡು. ಬೆಳಿಗ್ಗೆ ಬೆಳಿಗ್ಗೆ ಓಡಿ ಹೋಗಿ ನೋಡುತ್ತಿದ್ದೆ. ಇನ್ನೂ ಮಲಗಿದ್ದಳು. ಕಣ್ಣು ಮುಚ್ಚಿದ್ದರೆ ಕಾಕಾ ಇರುತ್ತಾನೆ ಎಂಬ ನನ್ನ ಹಳೆಯ ಲೆಕ್ಕವನ್ನು ಯಾರೂ ಬಂದು ಅಳಿಸಿರಲಿಲ್ಲ. ಅವನನ್ನು ಮಣ್ಣು ಮಾಡಿದ್ದನ್ನು ಕಣ್ಣಾರೆ ಕಂಡಿದ್ದೆ, ಆದರೂ ಅಂಗಳಕ್ಕೆ ಬಂದರೆ ಮನಸ್ಸಿಗೆ ಒಂದು ಥರದ ಧೈರ್ಯ ಇರುತ್ತಿತ್ತು. ಮಕ್ಕಳ ಬುದ್ಧಿ ಎನ್ನಬೇಡಿ. ನೀವೂ ಏನನ್ನೋ ಹಾಗೆ ಹಿಡಿದುಕೊಂಡಿರುತ್ತೀರಿ.

ಸತ್ತವರ ಹೆಸರಿನಲ್ಲಿ ಊಟ ಹಾಕುವ ಗಣಾರಾಧನೆಯ ದಿನ ಅಂಗಳದ ತುಂಬ ಜನ. ಬಿಸಿಲು ಕಲ್ಲಿನಿಂದ ಮೇಲೆದ್ದು ಮುಖಕ್ಕೆ ಬಡಿಯುತ್ತಿತ್ತು. ಪಂಕ್ತಿ ಕೂತಿದೆ, ಎಲೆಗೆ ಹುಗ್ಗಿ ಬಡಿಸುತ್ತಿದ್ದಾರೆ. ಕಿರ್ರೆಂದು ಸದ್ದಾಯಿತು. ಆ ಸದ್ದು ನನಗೆ ಗೊತ್ತಿತ್ತು, ಅದಕ್ಕೇ ಎಲ್ಲರಿಗಿಂತ ಮೊದಲು ತಿರುಗಿದೆ. ಎಡಗಣ್ಣು ನಿಧಾನವಾಗಿ, ನಿದ್ದೆಯಿಂದ ಏಳುವವರ ಹಾಗೆ, ಮೇಲೆ ಬಂತು. ಆಮೇಲೆ ಬಲಗಣ್ಣು. ಗಾಜಿಗೆ ಬಿಸಿಲು ಬಿದ್ದು ಝಗ್ಗೆಂದಿತು. ಬಡಿಸುವವನ ಕೈಯಿಂದ ಬಕೆಟ್ಟು ಜಾರಿತು. ಉಣ್ಣುತ್ತಿದ್ದವರು ಎಂಜಲು ಕೈಯಲ್ಲೇ ಎದ್ದು ಗೋಡೆಗೆ ಒತ್ತಿಕೊಂಡರು. "ಈರಣ್ಣ ಬಂದಾನ! ಈರಣ್ಣ ಬಂದಾನ ನೋಡ್ರೋ!" ಎಂದು ಯಾರೋ ಕೂಗಿದರು. ಆಯಿ ಎಲ್ಲರನ್ನೂ ಸರಿಸಿಕೊಂಡು ಓಡಿ ಬಂದು, ಆ ತಗಡಿನ ರೆಪ್ಪೆಗಳನ್ನು ಎರಡೂ ಅಂಗೈಯಲ್ಲಿ ಹಿಡಿದು, ಇಲ್ಲದ ದನಿಯಲ್ಲಿ, "ಎದ್ದಿ ಏನಪ್ಪಾ? ಎದ್ದಿ ಏನೋ ನನ್ನಪ್ಪಾ?" ಎಂದಳು. ಅಷ್ಟು ಜನರ ಮಧ್ಯೆ ನಿಜ ಗೊತ್ತಿದ್ದವಳು ನಾನೊಬ್ಬಳೇ. ಸೇಡಂನಿಂದ ಬರುವಾಗ ಕಾಕಾನ ಇಂಜಿನ್ನು ಟಾಕಿಯೊಳಗೆ ಎಳೆದಿಟ್ಟಿದ್ದ ಖಾಲಿ ಇಷ್ಟಿಷ್ಟೇ ಸೋರಿ ಈಗ ತೀರಿಹೋಗಿತ್ತು. ಎಲ್ಲರಿಗೂ ಅವನು ಬಂದಂತೆ ಕಂಡಿತು. ನನಗೆ ಅವನು ಆಗ ಹೋದ.

ಸಂಜೆ ಜನ ಕರಗಿದರು. ನಾನು ಅಂಗಾತ ಸರಿದು ಕೆಂಪಿಯ ಮೂತಿಯ ಕೆಳಗೆ ಹೋದೆ, ಕೀಲು ಬಿಚ್ಚಿದೆ, ಕೊಳವೆ ಬಾಯಿಗೆ ಹಾಕಿಕೊಂಡು ಎಳೆದೆ. ನಾಲಿಗೆ ಹಚ್ಚಿ ಹಿಡಿದೆ, ಮೂಗಿನಿಂದ ಉಸಿರು ತೆಗೆದುಕೊಂಡೆ, ಮತ್ತೆ ಎಳೆದೆ. ಎಡಗಣ್ಣು ಇಳಿಯಿತು. ಹಾಗೇ ಹಿಡಿದುಕೊಂಡು ಮಲಗಿದೆ. ಆದರೆ ಅಳು ಬಂದರೆ ಮೂಗು ಕಟ್ಟುತ್ತದೆ, ಮೂಗು ಕಟ್ಟಿದರೆ ಬಾಯಿ ತೆರೆಯಲೇಬೇಕು. ರೆಪ್ಪೆ ಎದ್ದಿತು. ಮತ್ತೆ ಎಳೆದೆ. ಎಷ್ಟು ಸಲವೋ ಗೊತ್ತಿಲ್ಲ. ಪಕ್ಕದಲ್ಲಿ ಬೆತ್ತ ಊರಿದ ಸದ್ದಾಯಿತು. ಮುತ್ಯಾ ನೆಲಕ್ಕೆ ಕೂತು, ಬಗ್ಗಿ, ನನ್ನ ಕೈ ಹಿಡಿದು ಹೊರಗೆ ಎಳೆದುಕೊಂಡ. "ಏನ್ ಮಾಡಾಕತ್ತೀದಿಯವ್ವಾ?" ಎಂದ. "ಕಣ್ಣು ತೆರದ್ರ ಇರಂಗಿಲ್ಲ ಅಂದಿದ್ದಿ ನೀ" ಎಂದೆ ಬಿಕ್ಕುತ್ತಾ. ಮುತ್ಯಾನ ಮುಖ ನೋಡಿ ನನಗೆ ಹೆದರಿಕೆಯಾಯಿತು. ನನ್ನ ಬೆನ್ನಿನ ಧೂಳು ಕೊಡವುತ್ತಾ ಹೇಳಿದ: "ಆ ಮಾತು ನಾ ಆಡಿದ್ದು. ನಾನೇ ಹಿಂದಕ ತೊಗೋತೀನಿ. ತೆರದೇ ಇರ್ಲಿ ಬಿಡು. ಒಳಗ ಹೋಗು, ನಿಮ್ಮಾಯಿ ಒಬ್ಬಾಕಿನೇ ಕುಂತಾಳ."

ಕೆಂಪಿಯ ಇಂಜಿನ್ನನ್ನು ಆಮೇಲೆ ಯಾರೂ ಚಾಲೂ ಮಾಡಲಿಲ್ಲ. ಎಷ್ಟೋ ಮಳೆಗಾಲ ಅದು ಎರಡೂ ಕಣ್ಣು ಬಿಟ್ಟುಕೊಂಡೇ ಅಂಗಳದಲ್ಲಿ ನಿಂತಿತ್ತು. ದಿನಾ ಬೆಳಿಗ್ಗೆ ಖಣಿಗೆ ಹೊರಡುವ ಮೊದಲು ಮುತ್ಯಾ ಸೂರ್ಯನಿಗೆ ಕೈ ಮುಗಿದು ಅದರ ಮುಂದೆಯೇ ಹಾದು ಹೋಗುತ್ತಿದ್ದ. ಆಯಿ ಹೋದಳು, ಮುತ್ಯಾ ಹೋದ. ಅಪ್ಪ ವಾಡಿಯಲ್ಲಿ ಮನೆ ಮಾಡಿದ. ಕೆಂಪಿಯನ್ನು ಲಾರಿಗೆ ಹಿಂದುಮುಂದಾಗಿ ಏರಿಸಿ ಒಯ್ದ ದಿನ ಅದು ಓಣಿಯ ತಿರುವಿನವರೆಗೂ ನಮ್ಮನ್ನೇ ನೋಡುತ್ತಾ ಹೋಯಿತು. ಖಣಿ ವರ್ಷ ವರ್ಷಕ್ಕೂ ಹತ್ತಿರ ಬಂದು, ತೊಟ್ಟಿಯನ್ನು ತಿಂದು, ಪಡಸಾಲೆಯನ್ನು ತಿಂದು, ಈಗ ನಮ್ಮ ಮನೆ ಇದ್ದ ಜಾಗದಲ್ಲಿ ಹಸಿರು ನೀರು ನಿಂತಿದೆ. ಕಾಕಾ ಮಲಗಿದ್ದ ಕಲ್ಲು ಯಾರ ಮನೆಯ ನೆಲವಾಗಿದೆಯೋ. ಅವರು ಮಧ್ಯಾಹ್ನ ಅದರ ಮೇಲೆ ತಣ್ಣಗೆ ಮಲಗಲಿ.

ಆ ಸಂಜೆಯದು ಇನ್ನೊಂದು ಉಳಿದಿದೆ. ಮುತ್ಯಾ ಹೇಳಿದಂತೆ ಒಳಗೆ ಹೊರಟವಳು ಹೊಸಿಲಲ್ಲಿ ತಿರುಗಿ ನೋಡಿದೆ. ಕೆಂಪಿಯನ್ನು ಒಂದು ದಿನವೂ ಮುಟ್ಟದ ಮುತ್ಯಾ ಅದರ ಮೂತಿಗೆ ಒಂದು ಕೈ ಊರಿ, ಕಲ್ಲಿನ ಮೇಲೆ ಮೊಣಕಾಲೂರಿ ಬಗ್ಗಿದ್ದ. ನನ್ನ ಜೊತೆ ಹೊರಗೆ ಬಂದಿದ್ದ ಕೊಳವೆಯ ತುದಿ ಅವನ ಬಾಯಲ್ಲಿತ್ತು. ಹಲ್ಲಿಲ್ಲದ ಕೆನ್ನೆಗಳು ಒಳಕ್ಕೆ ಹೋಗಿದ್ದವು. ಎಡಗಣ್ಣು ಒಂದಿಷ್ಟು ಕೆಳಗಿಳಿಯಿತು, ನಿಂತಿತು, ಮತ್ತೆ ಮೇಲಕ್ಕೆ ಬಂತು. ಮುತ್ಯಾ ಉಸಿರು ತೆಗೆದುಕೊಂಡು ಇನ್ನೊಮ್ಮೆ ಎಳೆದ.